ಹಳೆಯ ಸೇನಾ ಜೀಪಿಗೆ ಹೊಸ ಕ್ಯಾನ್ವಾಸ್ ಟಾಪ್: ಬಟ್ಟೆ, ಹೊಲಿಗೆ, ಗುಂಡಿ ಆರಿಸುವುದು ಹೇಗೆ?

ಹಳೆಯ ಜೀಪಿನ ಟಾಪ್ ಬದಲಿಸಬೇಕು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: ಯಾವ ಬಟ್ಟೆ ಒಳ್ಳೆಯದು? ಇದಕ್ಕೆ ಉತ್ತರ ಹೇಳುವ ಮೊದಲು ಎರಡು ವಿಷಯ ಗೊತ್ತಿರಬೇಕು. ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ? ಬಟ್ಟೆಯನ್ನು ಹೊರುವ ಪೈಪುಗಳು ನೆಟ್ಟಗಿವೆಯಾ?

ಹತ್ತಿ ಕ್ಯಾನ್ವಾಸ್ ಒದ್ದೆಯಾದರೆ ಬಿಗಿಯಾಗುತ್ತದೆ, ಒಣಗಿದರೆ ಸಡಿಲವಾಗುತ್ತದೆ. ವಿನೈಲ್ ಬಿಸಿಲಿಗೆ ಮೆತ್ತಗಾಗುತ್ತದೆ, ಚಳಿಗೆ ಸೆಟೆದುಕೊಳ್ಳುತ್ತದೆ. ಅಂದರೆ ಟಾಪ್ ಅನ್ನೋದು ಯಾವಾಗಲೂ ಎಳೆತದಲ್ಲೇ ಇರುವ ವಸ್ತು. ಬಟ್ಟೆ, ದಾರ, ಗುಂಡಿ ಮೂರೂ ಆ ಎಳೆತಕ್ಕೆ ಒಗ್ಗಬೇಕು. ಒಂದನ್ನು ಆರಿಸುವಾಗ ಉಳಿದೆರಡನ್ನೂ ಜೊತೆಗೇ ನೋಡಬೇಕು. ದುಬಾರಿ ಬಟ್ಟೆ ತಂದು ಸಿಕ್ಕ ಗುಂಡಿ ಹೊಡೆದರೆ ಮೊದಲ ಮಳೆಗಾಲದಲ್ಲೇ ಅಂಚು ಹರಿಯುತ್ತದೆ. ಸಾಧಾರಣ ಬಟ್ಟೆಯನ್ನು ಸರಿಯಾದ ಅಳತೆಗೆ ಹೊಲಿದು ಸರಿಯಾಗಿ ಎಳೆದು ಕಟ್ಟಿದರೆ ವರ್ಷಗಟ್ಟಲೆ ಬಾಳುತ್ತದೆ. ನನ್ನ ಪ್ರಕಾರ ಖರ್ಚಿನ ದೊಡ್ಡ ಪಾಲು ಹೋಗಬೇಕಾದ್ದು ಅಳತೆಗೆ ಮತ್ತು ಹೊಲಿಗೆಗೆ.

ಮೊದಲು ಗಾಡಿ ಯಾವುದು ಅಂತ ಖಚಿತವಾಗಲಿ

ಜೀಪು ಅಂದರೆ ಎಲ್ಲವೂ ಒಂದೇ ಅಳತೆಯಲ್ಲ. 1941ರಿಂದ 1945ರವರೆಗೆ ಅಮೆರಿಕದ ಸೇನಾ ಜೀಪುಗಳಾದ ವಿಲ್ಲಿಸ್ ಎಂಬಿ ಮತ್ತು ಫೋರ್ಡ್ ಜಿಪಿಡಬ್ಲ್ಯು ಸೇರಿ 6 ಲಕ್ಷಕ್ಕೂ ಹೆಚ್ಚು ಗಾಡಿಗಳು ತಯಾರಾದವು. ಒಂದರ ಭಾಗ ಇನ್ನೊಂದಕ್ಕೆ ಕೂರಲಿ ಅಂತಲೇ ಮಾಡಿದ್ದರಿಂದ ಇವೆರಡಕ್ಕೆ ಟಾಪಿನ ಚಿಂತೆ ಇಲ್ಲ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಜನಸಾಮಾನ್ಯರಿಗೆ ಅಂತ ಬಂದ ಜೀಪು ಸಿಜೆ-2ಎ ನೋಡಲು ಎಂಬಿಯ ಹಾಗೇ ಕಂಡರೂ ಹಿಂಭಾಗ ಬೇರೆ. ಎಂಬಿಗೆ ಹಿಂದೆ ಮುಚ್ಚಿದ ತಗಡು, ಸ್ಟೆಪ್ನಿ ಅದರ ಮೇಲೇ ಕೂತಿರುತ್ತದೆ. ಸಿಜೆ-2ಎಗೆ ಹಿಂದೆ ತೆರೆಯುವ ಬಾಗಿಲು, ಸ್ಟೆಪ್ನಿ ಪಕ್ಕಕ್ಕೆ. ಹಾಗಾಗಿ ಒಂದಕ್ಕೆ ಹೊಲಿದ ಹಿಂಪರದೆ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. 1950ರಲ್ಲಿ ಬಂದ ಎಂ38, ಆಮೇಲೆ ದುಂಡು ಮಡ್‌ಗಾರ್ಡಿನ ಎಂ38ಎ1, 1960ರ ದಶಕದ ಎಂ151, ಇವು ಒಂದೊಂದೂ ಬೇರೆ ಅಳತೆ.

ಲ್ಯಾಂಡ್ ರೋವರಿನದೂ ಇದೇ ಕಥೆ. 1948ರ ಮೊದಲ ಗಾಡಿಯ ಚಕ್ರದಂತರ, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ, 80 ಇಂಚು. ಆಮೇಲೆ 86, ಆಮೇಲೆ 88. ಉದ್ದದ ಗಾಡಿಗಳು 107 ಮತ್ತು 109. 'ಸೀರೀಸ್ ಒನ್‌ಗೆ ಹೊಂದುತ್ತದೆ' (ಅಂದರೆ ಮೊದಲ ತಲೆಮಾರಿನ ಲ್ಯಾಂಡ್ ರೋವರಿಗೆ) ಅಂತ ಬರೆದ ಟಾಪ್ ತರಿಸುವ ಮುಂಚೆ ಯಾವ ಇಂಚಿನದು ಅಂತ ಕೇಳಲೇಬೇಕು.

ಇನ್ನೊಂದು ವಿಷಯ. 70–80 ವರ್ಷದ ಗಾಡಿಗೆ ಹಿಂದಿನ ಮಾಲೀಕರು ಏನೇನೋ ಮಾಡಿರುತ್ತಾರೆ. ಬೇರೆ ಮಾದರಿಯ ಗಾಜಿನ ಫ್ರೇಮು, ಯಾರೋ ಬಗ್ಗಿಸಿದ ಪೈಪು, ಹೊಸದಾಗಿ ಕಟ್ಟಿದ ಹಿಂಬದಿ ಎಲ್ಲವೂ ಸಾಮಾನ್ಯ. ಚಾಸಿ ಪ್ಲೇಟು ಒಂದು ಹೇಳುತ್ತದೆ, ಟೇಪು ಇನ್ನೊಂದು ಹೇಳುತ್ತದೆ. ಟೇಪಿನ ಮಾತು ನಂಬಿ.

ಪೈಪು ಸರಿಯಿಲ್ಲದೆ ಬಟ್ಟೆ ಸರಿಹೋಗಲ್ಲ

ಪೈಪುಗಳನ್ನು ಎತ್ತಿ ನಿಲ್ಲಿಸಿ. ಗಾಜಿನ ಫ್ರೇಮನ್ನು ಅದರ ಕ್ಲಾಂಪಿನಲ್ಲಿ ಬಿಗಿ ಮಾಡಿ. ಎಂಬಿಯಂಥ ಗಾಡಿಯಲ್ಲಿ ಗಾಜು ಬಾನೆಟ್ಟಿನ ಮೇಲೆ ಮಡಚಿಕೊಳ್ಳುತ್ತದೆ. ಹಾಗಾಗಿ ಅದರ ಕೀಲು ಸವೆದಿರುವುದೇ ಜಾಸ್ತಿ. ಫ್ರೇಮಿನ ಮೇಲ್ತುದಿ ಕೈಯಲ್ಲಿ ಅಲ್ಲಾಡಿಸಿದರೆ ಹಿಂದೆ ಮುಂದೆ ಆಡುತ್ತಿದೆಯಾ ನೋಡಿ. ಅಲ್ಲಿ 2 ಸೆಂಟಿಮೀಟರ್ ಆಟ ಇದ್ದರೆ ಟಾಪಿನ ಉದ್ದದಲ್ಲೂ ಅಷ್ಟೇ ವ್ಯತ್ಯಾಸ ಬರುತ್ತದೆ. ನೀವು ಹೊಲಿಸಿದ ಟಾಪ್ ಗಾಜನ್ನು ಹಿಂದಕ್ಕೆ ಎಳೆದುಕೊಂಡು ಕೂರುತ್ತದೆ, ಆಮೇಲೆ ವೈಪರ್ ಹತ್ತಿರ ನೀರು ಬರುತ್ತದೆ.

ಗಾಜಿನ ಫ್ರೇಮಿನ ಎಡ ಮೂಲೆಯಿಂದ ಹಿಂದಿನ ಪೈಪಿನ ಬಲ ಮೂಲೆಗೆ ಒಂದು ದಾರ ಕಟ್ಟಿ ಅಳೆಯಿರಿ. ಬಲದಿಂದ ಎಡಕ್ಕೂ ಹಾಗೇ. ಎರಡೂ ಓರೆ ಅಳತೆ ಸಮ ಇರಬೇಕು. ಒಂದು ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಪೈಪು ತಿರುಚಿದೆ ಅಥವಾ ಬಾಡಿಯೇ ಓರೆಯಾಗಿದೆ. ಪೈಪು ಆದರೆ ಬಾಗಿಸಿ ಸರಿ ಮಾಡಬಹುದು. ಬಾಡಿ ಆದರೆ ಸಿದ್ಧ ಕಿಟ್ ಆಸೆ ಬಿಡಬೇಕು, ಗಾಡಿ ಮೇಲೇ ಅಳತೆ ತೆಗೆದು ಹೊಲಿಸಬೇಕು.

ಪೈಪಿಗೆ ಬಣ್ಣ ಹೊಡೆದಿದ್ದರೆ ಅದು ಪೂರ್ತಿ ಗಟ್ಟಿಯಾಗುವವರೆಗೆ ಬಟ್ಟೆ ಹಾಕಬೇಡಿ. ಬಣ್ಣ ಮುಟ್ಟಲು ಒಣಗಿದ ಹಾಗೆ ಕಂಡರೂ ಬಿಗಿದ ಬಟ್ಟೆಯ ಕೆಳಗೆ ಬಿಸಿಲಿಗೆ ಅಂಟಿಕೊಳ್ಳುತ್ತದೆ. ವೆಲ್ಡಿಂಗ್ ಗಂಟು, ಕೊಳೆತ ತುಕ್ಕಿನ ಚೂಪು ಅಂಚು ಎಲ್ಲವನ್ನೂ ಅರ ಹಾಕಿ ನುಣ್ಣಗೆ ಮಾಡಿ. ಬೆರಳು ಸವರಿದಾಗ ತಗಲುವ ಪ್ರತಿ ಗಂಟೂ ಮುಂದೊಂದು ದಿನ ಬಟ್ಟೆಯಲ್ಲಿ ತೂತು.

ಹಳೇದನ್ನು ಉಳಿಸಬಹುದಾ?

ಗಾಡಿಯ ಜೊತೆ ಹಳೆಯ ಟಾಪ್ ಬಂದಿದ್ದರೆ ಅದನ್ನು ಎಸೆಯುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ಹೊಲಿಗೆಯ ಉದ್ದಕ್ಕೂ ಸೂಜಿಮೊನೆಯಷ್ಟು ಬೆಳಕು ಬಂದು, ಉಳಿದ ಬಟ್ಟೆ ಮುಚ್ಚಿಕೊಂಡೇ ಇದ್ದರೆ ಹೋಗಿರುವುದು ದಾರ ಮಾತ್ರ. ಅಂಥದ್ದನ್ನು ಬಿಚ್ಚಿ ಅದೇ ತೂತುಗಳಲ್ಲಿ ಮತ್ತೆ ಹೊಲಿಸಬಹುದು. ಬಟ್ಟೆಯೇ ಹೋಗಿದೆಯಾ ಅಂತ ತಿಳಿಯಲು ಒಳಮಡಿಕೆಯಲ್ಲಿ, ಕಾಣದ ಜಾಗದಲ್ಲಿ, ಎರಡೂ ಕೈ ಹೆಬ್ಬೆರಳಿನಿಂದ ಚಿವುಟಿ ಹಿಡಿದು ಎಳೆಯಿರಿ. ಒಳ್ಳೆಯ ಹತ್ತಿ ಜಗ್ಗಲ್ಲ. ಬಿಸಿಲು ತಿಂದ ಹತ್ತಿ ಸದ್ದೇ ಇಲ್ಲದೆ ಬಿಟ್ಟುಕೊಳ್ಳುತ್ತದೆ, ಅಂಚಿನಲ್ಲಿ ಪುಡಿ ಉದುರುತ್ತದೆ. ಛಾವಣಿ ಭಾಗದಲ್ಲಿ ಹೀಗಾಗಿದ್ದರೆ ತೇಪೆ ಹಾಕುವುದು ವ್ಯರ್ಥ. ಹೊಸ ಬಟ್ಟೆಯ ಬಲಕ್ಕೆ ಹಳೇದು ತೇಪೆಯ ಸುತ್ತಲೂ ಹರಿಯುತ್ತದೆ.

ತೇಪೆ ಹಾಕುವುದೇ ಆದರೆ ಹೆಚ್ಚು ಕಡಿಮೆ ಅದೇ ತೂಕದ ಹತ್ತಿಯಿಂದಲೇ ಹಾಕಿ. ಮೂಲೆಗಳನ್ನು ದುಂಡಗೆ ಕತ್ತರಿಸಿ. ಅಂಟು ಬೇಡ, ಹೊಲಿಯಿರಿ. ಅಂಟು ಗಟ್ಟಿಯಾದ ಜಾಗದಲ್ಲಿ ಬಟ್ಟೆ ಉಸಿರಾಡಲ್ಲ, ಹಿಗ್ಗಲ್ಲ.

ಹಳೆಯ ಟಾಪಿನ ಮೇಲೆ ಸೇನೆಯ ಮುದ್ರೆ, ತಯಾರಕರ ಹೆಸರು, ವರ್ಷ ಅಚ್ಚಾಗಿದ್ದರೆ ದಯವಿಟ್ಟು ಅದನ್ನು ಕತ್ತರಿಸಬೇಡಿ, ತೊಳೆಯಬೇಡಿ. ಆ ಟಾಪನ್ನು ಒಣಗಿಸಿ ಸುರುಳಿ ಸುತ್ತಿ ಇಡಿ, ಓಡಾಟಕ್ಕೆ ಬೇರೆ ಹೊಲಿಸಿ. ಮುದ್ರೆ ಇರುವ ಮೂಲ ಟಾಪ್ ಹೋದರೆ ಹೋಯಿತು, ಅದನ್ನು ಮತ್ತೆ ಯಾರೂ ತಂದುಕೊಡಲು ಆಗುವುದಿಲ್ಲ. ಹಳೆಯ ಸೇನಾ ಬಟ್ಟೆ ಕೊಳೆಯದಿರಲಿ ಅಂತ ತಾಮ್ರದ ನ್ಯಾಫ್ತನೇಟ್‌ನಂಥ ರಾಸಾಯನಿಕದಲ್ಲಿ ಅದ್ದುತ್ತಿದ್ದರು. ಅದರ ಹಸಿರು ಛಾಯೆ, ಮೂಗಿಗೆ ಹೊಡೆಯುವ ವಾಸನೆ ಇಂದಿಗೂ ಉಳಿದಿರುತ್ತದೆ. ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ.

ಬಟ್ಟೆ: ನಾಲ್ಕರಲ್ಲಿ ಯಾವುದು?

ಹತ್ತಿ ಡಕ್ ಕ್ಯಾನ್ವಾಸ್ (ಒತ್ತಾಗಿ ನೇಯ್ದ ದಪ್ಪ ಹತ್ತಿ ಬಟ್ಟೆ), ಪಾಲಿಯೆಸ್ಟರ್ ಬೆರೆತ ಹತ್ತಿ, ವಿನೈಲ್ ಲೇಪನದ ಪಾಲಿಯೆಸ್ಟರ್, ಅಕ್ರಿಲಿಕ್. ಆಯ್ಕೆ ಈ ನಾಲ್ಕರ ನಡುವೆ.

ಯುದ್ಧಕಾಲದ ಜೀಪಿಗೆ ಬಂದಿದ್ದು ಹತ್ತಿ. ಅದರ ಗುಣ ವಿಚಿತ್ರ, ಆದರೆ ಚೆಂದ. ಮಳೆ ಬಿದ್ದಾಗ ಹತ್ತಿಯ ನೂಲು ನೀರು ಕುಡಿದು ಊದಿಕೊಳ್ಳುತ್ತದೆ. ಊದಿದ ನೂಲು ನೇಯ್ಗೆಯ ಸಂದುಗಳನ್ನು ಮುಚ್ಚುತ್ತದೆ, ಸೂಜಿ ಮಾಡಿದ ತೂತನ್ನೂ ಮುಚ್ಚುತ್ತದೆ. ಅದಕ್ಕೇ ಹೊಸ ಹತ್ತಿ ಟಾಪ್ ಮೊದಲ ಮಳೆಗೆ ಹೊಲಿಗೆಯಲ್ಲಿ ಜಿನುಗಿ, ಎರಡು ಮೂರು ಸಲ ನೆನೆದು ಒಣಗಿದ ಮೇಲೆ ತಾನಾಗಿ ನಿಲ್ಲುತ್ತದೆ. ಒಳಗಿನ ಗಾಳಿ ಹೊರಗೆ ಹೋಗುತ್ತದೆ, ಹಾಗಾಗಿ ಬೆಳಗ್ಗೆ ಟಾಪಿನ ಒಳಗೆ ಬೆವರು ಹನಿ ಕಟ್ಟುವುದು ಕಡಿಮೆ. ನೆನೆದಾಗ ಒಳಗಿನಿಂದ ಬೆರಳಿಟ್ಟು ಒತ್ತಿದರೆ ಮಾತ್ರ ಆ ಜಾಗದಲ್ಲಿ ನೀರು ತೊಟ್ಟಿಕ್ಕಬಹುದು. ಗಾಡಿಯಲ್ಲಿ ಮಕ್ಕಳಿದ್ದರೆ ಇದನ್ನು ಮೊದಲೇ ಹೇಳಿಡಿ.

ಇದರ ಕಷ್ಟ ಎರಡು. ಒಂದು, ಕುಗ್ಗುವುದು. ಮೊದಲೇ ಕುಗ್ಗಿಸದ ಹತ್ತಿ ನೂರಕ್ಕೆ ಕೆಲವು ಪಾಲು ಕುಗ್ಗುತ್ತದೆ. ಬರೀ 3 ಪಾಲು ಅಂತ ಇಟ್ಟುಕೊಂಡರೂ 150 ಸೆಂಟಿಮೀಟರ್ ಉದ್ದಕ್ಕೆ 4.5 ಸೆಂಟಿಮೀಟರ್ ಆಯಿತು. ಗುಂಡಿಗಳ ಸಾಲು ಅಷ್ಟು ಹಿಂದೆ ಸರಿದರೆ ಹಾಕಲು ಬರುತ್ತದಾ? ಹಾಗಾಗಿ ಮೊದಲೇ ಕುಗ್ಗಿಸಿದ ಬಟ್ಟೆಯಾ ಅಂತ ಕೇಳಿ, ಇಲ್ಲದಿದ್ದರೆ ಕತ್ತರಿಸುವ ಮುಂಚೆ ನೀವೇ ನೆನೆಸಿ ಒಣಗಿಸಿ. ಬಟ್ಟೆಗೆ ಮಳೆ ತಡೆಯುವ ಲೇಪನ ಮೊದಲೇ ಇದ್ದರೆ ಬರೀ ತಣ್ಣೀರು ಸಾಕು, ಸೋಪು ತಾಗಿಸಬೇಡಿ. ಎರಡನೇ ಕಷ್ಟ ಬೂಷ್ಟು. ಒದ್ದೆ ಇರುವಾಗ ಮಡಚಿಟ್ಟರೆ ಕೆಲವೇ ದಿನಗಳಲ್ಲಿ ಕಪ್ಪು ಚುಕ್ಕಿ ಬರುತ್ತದೆ, ಒಮ್ಮೆ ಬಂದರೆ ಕಲೆ ಹೋಗಲ್ಲ.

ತೂಕದ ಮಾತಿಗೆ ಬಂದರೆ, ಡಕ್ ಕ್ಯಾನ್ವಾಸಿಗೆ ನಂಬರ್ ಇರುತ್ತದೆ. ನಂಬರ್ ಕಡಿಮೆ ಆದಷ್ಟೂ ಬಟ್ಟೆ ದಪ್ಪ. 10 ನಂಬರ್ ಅಂದರೆ ಚದರ ಗಜಕ್ಕೆ ಸುಮಾರು 15 ಔನ್ಸ್, ಅಂದರೆ ಚದರ ಮೀಟರಿಗೆ 500 ಗ್ರಾಂ ಆಸುಪಾಸು. 12 ನಂಬರ್ ಅಂದರೆ ಸುಮಾರು 11.5 ಔನ್ಸ್, 390 ಗ್ರಾಂ. ಜೀಪಿನ ಟಾಪಿಗೆ ಈ ಎರಡರ ನಡುವಿನದು ಸರಿ. ಇನ್ನೂ ದಪ್ಪ ತೆಗೆದುಕೊಂಡರೆ ಮೂಲೆಗಳಲ್ಲಿ ನಾಲ್ಕು ಮಡಿಕೆ ಸೇರಿದ ಕಡೆ ಸೂಜಿ ಇಳಿಯಲ್ಲ, ಮಡಚಿದರೆ ಪೈಪಿನ ಹಿಂದೆ ದೊಡ್ಡ ಮೂಟೆಯಾಗುತ್ತದೆ. ಹೇಳುತ್ತಿರುವುದು ಬರೀ ಬಟ್ಟೆಯ ತೂಕವಾ, ಲೇಪನ ಸೇರಿದ ತೂಕವಾ ಅಂತ ವಿಚಾರಿಸಲೇಬೇಕು. ಲೇಪನದಿಂದ ತೂಕ ಬಹಳ ಏರುತ್ತದೆ. ತೆಳು ಬಟ್ಟೆಗೆ ದಪ್ಪ ಲೇಪನ ಬಳಿದರೂ ಕಾಗದದ ಮೇಲೆ ದಪ್ಪ ಬಟ್ಟೆಯ ತೂಕವೇ ಕಾಣುತ್ತದೆ.

ಪಾಲಿಯೆಸ್ಟರ್ ಬೆರೆತ ಹತ್ತಿ ನಡುವಿನ ದಾರಿ. ಕುಗ್ಗುವುದು ಕಡಿಮೆ, ಹರಿಯುವುದು ಕಡಿಮೆ, ತೂಕವೂ ಕಡಿಮೆ. ಹತ್ತಿಯ ಪಾಲು ಇರುವುದರಿಂದ ಸ್ವಲ್ಪ ಮಟ್ಟಿಗೆ ಊದಿಕೊಂಡು ತೂತು ಮುಚ್ಚುತ್ತದೆ. ಎರಡು ಹೆಜ್ಜೆ ದೂರದಿಂದ ನೋಡಿದರೆ ಹತ್ತಿಯದೇ ಮುಖ. ಪ್ರದರ್ಶನಕ್ಕೆ ಅಂತಲ್ಲ, ವಾರಕ್ಕೊಮ್ಮೆ ಓಡಿಸಲು ಬೇಕು ಅನ್ನುವವರಿಗೆ ಇದು ತುಂಬಾ ಒಳ್ಳೆಯ ಆಯ್ಕೆ. ಇದರ ಬಗ್ಗೆ ಜನ ಯಾಕೋ ಕಡಿಮೆ ಮಾತಾಡುತ್ತಾರೆ.

ವಿನೈಲ್ ಲೇಪನದ್ದು, ನಮ್ಮ ಮಾತಿನಲ್ಲಿ ರೆಕ್ಸಿನ್ ಜಾತಿಯದು. ಮೊದಲ ದಿನದಿಂದಲೇ ನೀರು ಬಿಡಲ್ಲ. ಕೆಸರಾದರೆ ಒರೆಸಿದರೆ ಸಾಕು. ಬಟ್ಟೆಯ ಮೈಗೆ ಬೂಷ್ಟು ಹಿಡಿಯುವುದು ಕಡಿಮೆ. ಸೇನೆಗಳೂ ಆಮೇಲಿನ ದಶಕಗಳಲ್ಲಿ ಇದನ್ನು ಬಳಸಿದವು, ಹಾಗಾಗಿ ಆ ಕಾಲದ ಗಾಡಿಗೆ ಇದು ತಪ್ಪೇನಲ್ಲ. ಆದರೆ ಸೂಜಿ ತೂತು ಇಲ್ಲಿ ಶಾಶ್ವತ. ಊದಿಕೊಳ್ಳುವ ನೂಲೇ ಇಲ್ಲ. ಹೊಲಿಗೆಯ ಮೇಲೆ ಬಿಸಿಯಿಂದ ಬೆಸೆದ ಪಟ್ಟಿ ಅಥವಾ ಸೀಲರ್ ಇಲ್ಲದಿದ್ದರೆ 'ನೂರಕ್ಕೆ ನೂರು ವಾಟರ್‌ಪ್ರೂಫ್' ಬಟ್ಟೆಯ ಟಾಪ್ ಹೊಲಿಗೆ ಗುಂಟ ಸೋರುತ್ತದೆ. ತಣ್ಣನೆ ರಾತ್ರಿ ಒಳಗೆ ಇಬ್ಬರು ಕೂತಿದ್ದರೆ ಉಸಿರಿನ ಹಬೆಯೇ ಹನಿಯಾಗಿ ತಲೆ ಮೇಲೆ ಬೀಳುತ್ತದೆ. ವರ್ಷ ಕಳೆದಂತೆ ಲೇಪನವನ್ನು ಮೆತ್ತಗಿಡುವ ಎಣ್ಣೆಯಂಥ ಅಂಶ ಆರಿಹೋಗಿ ಅದು ಸೆಟೆದು, ಕುಗ್ಗಿ, ಮಡಿಕೆಯಲ್ಲಿ ಬಿರಿಯುತ್ತದೆ. ಮತ್ತೆ ಆ ಹೊಳಪು. 1943ರ ಗಾಡಿಯ ಮಂಕು ಬಣ್ಣದ ಮೇಲೆ ಹೊಳೆಯುವ ಟಾಪ್ ನೋಡಲು ಕಣ್ಣಿಗೆ ಚುಚ್ಚುತ್ತದೆ.

ಅಕ್ರಿಲಿಕ್ ದೋಣಿಗಳ ಹೊದಿಕೆಗೆ, ಅಂಗಡಿ ಮುಂದಿನ ನೆರಳಿಗೆ ಬಳಸುವ ಬಟ್ಟೆ. ನೂಲು ತೆಗೆಯುವ ಮುಂಚೆಯೇ ನಾರಿಗೆ ಬಣ್ಣ ಸೇರಿಸಿರುವುದರಿಂದ ಬಿಸಿಲಿಗೆ ಬಣ್ಣ ಮಾಸುವುದು ಬಹಳ ನಿಧಾನ. ಕೊಳೆಯುವುದೂ ಇಲ್ಲ. ಆದರೆ ಪೈಪಿಗೆ ಉಜ್ಜಿ ಉಜ್ಜಿ ಸವೆಯುತ್ತದೆ, ಎಳೆದರೆ ಹಿಗ್ಗುತ್ತದೆ. ನಿಂತ ದೋಣಿಗೆ ಸರಿ, ಹಳ್ಳಕೊಳ್ಳದಲ್ಲಿ ಕುಲುಕುವ ಗಾಡಿಗೆ ನಾನು ಇದನ್ನು ಹೇಳುವುದಿಲ್ಲ.

ಹಾಗಾದರೆ ಯಾವುದು? ಗಾಡಿಗೆ ಸೂರು ಇದ್ದು, ನೆನೆದು ಬಂದ ಮೇಲೆ ಬಿಚ್ಚಿ ಒಣಗಿಸುವ ತಾಳ್ಮೆ ನಿಮಗಿದ್ದರೆ ಹತ್ತಿ, ಎರಡು ಮಾತಿಲ್ಲ. ಸೂರು ಇದೆ, ತಾಳ್ಮೆ ಇಲ್ಲ ಅಂದರೆ ಬೆರಕೆ ಹತ್ತಿ. ಗಾಡಿ ಹನ್ನೆರಡು ತಿಂಗಳೂ ಬಯಲಲ್ಲೇ ನಿಲ್ಲುವುದಾದರೆ ಮಾತ್ರ ವಿನೈಲ್, ಅದೂ ಹೊಳಪಿಲ್ಲದ ಮೇಲ್ಮೈಯದ್ದು, ಛಾವಣಿಯಲ್ಲಿ ಆದಷ್ಟು ಕಡಿಮೆ ಹೊಲಿಗೆ ಇರುವಂಥದ್ದು.

ಬಣ್ಣದ ಬಗ್ಗೆ ಒಂದು ಮಾತು. ಅಮೆರಿಕದ ಯುದ್ಧಕಾಲದ ಕ್ಯಾನ್ವಾಸಿಗೆ ಎರಡು ಮುಖ್ಯ ಛಾಯೆಗಳಿದ್ದವು. ಮೊದಲಿನದು ಆಲಿವ್ ಡ್ರ್ಯಾಬ್ 3, ಖಾಕಿಗೆ ಹತ್ತಿರದ ತಿಳಿ ಬಣ್ಣ. ಯುದ್ಧದ ಕೊನೆಯ ವರ್ಷಗಳಲ್ಲಿ ಬಂದಿದ್ದು ಆಲಿವ್ ಡ್ರ್ಯಾಬ್ 7, ಕಡು ಹಸಿರು. 1942ರ ಗಾಡಿಗೆ ಕಡು ಹಸಿರು ಹಾಕಿದರೆ ತಿಳಿದವರಿಗೆ ತಟ್ಟನೆ ಗೊತ್ತಾಗುತ್ತದೆ. 1945ರ ಗಾಡಿಗೆ ಎರಡರಲ್ಲಿ ಯಾವುದು ಹಾಕಿದರೂ ಒಪ್ಪುತ್ತದೆ, ಯಾಕೆಂದರೆ ಹಳೆಯ ದಾಸ್ತಾನು ಮುಗಿಯುವವರೆಗೆ ಎರಡೂ ಜೊತೆಗೇ ಓಡಾಡಿದವು. ಫೋಟೊ ನೋಡಿ ಬಣ್ಣ ಆರಿಸಬೇಡಿ. ತುಂಡು ತರಿಸಿ, ಗಾಡಿಯ ಮೇಲಿಟ್ಟು, ಹಗಲು ಬೆಳಕಲ್ಲಿ ನೋಡಿ.

ಸಿದ್ಧ ಕಿಟ್ಟಾ, ಅಳತೆ ಕೊಟ್ಟು ಹೊಲಿಸುವುದಾ, ನೀವೇ ಹೊಲಿಯುವುದಾ?

ಎಂಬಿ, ಜಿಪಿಡಬ್ಲ್ಯು, ಸೀರೀಸ್ ಲ್ಯಾಂಡ್ ರೋವರುಗಳಂಥ ಜನಪ್ರಿಯ ಗಾಡಿಗೆ ಸಿದ್ಧ ಟಾಪ್ ಸಿಗುತ್ತದೆ. ಬಾಡಿ ನೇರವಾಗಿದ್ದು, ಪೈಪು ಮೂಲದ್ದೇ ಆಗಿದ್ದರೆ ಅದೇ ಸುಲಭ. ಒಳ್ಳೆಯ ಕಿಟ್ಟನ್ನು ಗುರುತಿಸಲು ಛಾವಣಿಯ ಕೆಳಗೆ ಪೈಪು ತಾಗುವ ಕಡೆ ನೋಡಿ, ಅಲ್ಲಿ ಇನ್ನೊಂದು ಪದರ ಬಟ್ಟೆ ಅಥವಾ ಪಟ್ಟಿ ಹೊಲಿದಿರಬೇಕು. ಗುಂಡಿ ಬರುವ ಅಂಚಿನಲ್ಲಿ ಬಟ್ಟೆ ಮಡಚಿ ಒಳಗೆ ನಾಡಾ, ಅಂದರೆ ಗಟ್ಟಿ ನೇಯ್ಗೆಯ ಪಟ್ಟಿ, ಕೊಟ್ಟಿರಬೇಕು. ಹಿಂದಿನ ಅಂಚಿನ ಗುಂಡಿಗಳನ್ನು ಹೊಡೆಯದೆ ಬಿಟ್ಟು ಕಳಿಸುವವರ ಕಿಟ್ ಆದರೆ ಇನ್ನೂ ಒಳ್ಳೆಯದು. ಗಾಡಿಯ ಮೇಲೆ ಎಳೆದ ಮೇಲೆ ನೀವೇ ಹೊಡೆಯಬಹುದು. ಎಲ್ಲಾ ಗುಂಡಿ ಮೊದಲೇ ಹೊಡೆದು ಬಂದ ಕಿಟ್ ನಿಮ್ಮ ಗಾಡಿಗೆ ಹೊಂದಬೇಕಾದರೆ ನಿಮ್ಮ ಬಾಡಿ ಅವರ ಮಾದರಿ ಗಾಡಿಯ ತದ್ರೂಪು ಆಗಿರಬೇಕು.

ಅಪರೂಪದ ಗಾಡಿಗೆ, ಓರೆಯಾದ ಬಾಡಿಗೆ ಹೊಲಿಸುವುದೇ ದಾರಿ. ಸೀಟು, ಟಾರ್ಪಾಲು ಕೆಲಸ ಮಾಡುವವರ ಬಳಿ ಭಾರೀ ಮೆಷಿನ್ ಇರುತ್ತದೆ, ಕೈಯೂ ಪಳಗಿರುತ್ತದೆ. ಆದರೆ ಹಳೆಯ ಟಾಪನ್ನು ಕೊಟ್ಟು 'ಹೀಗೇ ಮಾಡಿ' ಅಂತ ಹೇಳಿ ಬರಬೇಡಿ. ಹಳೇದು ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಜೋತುಬಿದ್ದಿರುತ್ತದೆ, ಆ ತಪ್ಪೆಲ್ಲಾ ಹೊಸದಕ್ಕೂ ಬರುತ್ತದೆ. ಹಳೆಯದರಿಂದ ತೆಗೆದುಕೊಳ್ಳಬೇಕಾದ್ದು ಹೊಲಿಗೆ ಎಲ್ಲಿ ಬರುತ್ತದೆ, ಮಡಿಕೆ ಎಷ್ಟು ಅಗಲ, ಪಟ್ಟಿ ಎಲ್ಲಿ ಅನ್ನುವುದನ್ನು. ಅಳತೆ ಮಾತ್ರ ಗಾಡಿಯಿಂದಲೇ. ಪೈಪಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಎಳೆದು ಟೇಪಲ್ಲಿ ಅಂಟಿಸಿ, ಅಂಚು, ಗುಂಡಿ, ಪೈಪಿನ ನಡುಗೆರೆ ಎಲ್ಲವನ್ನೂ ಮಾರ್ಕರಿನಲ್ಲಿ ಬರೆದುಕೊಳ್ಳಿ. ಹೊಲಿಯುವವರಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ಬೇರೆ ಇಲ್ಲ.

ಮನೆಯಲ್ಲೇ ಹೊಲಿಯುವ ಆಸೆ ಇರುವವರು ಬಾಗಿಲ ಪರದೆಯಿಂದ ಶುರುಮಾಡಿ. ಮನೆಯ ಸಾಧಾರಣ ಹೊಲಿಗೆ ಮೆಷಿನ್ ಎರಡು ಪದರ ಕ್ಯಾನ್ವಾಸ್ ದಾಟಬಹುದು, ಛಾವಣಿಯ ಮೂಲೆಯ ಆರು ಪದರ ದಾಟಲ್ಲ. ಬಟ್ಟೆಯನ್ನು ಮೇಲಿಂದಲೂ ಕೆಳಗಿಂದಲೂ ಎಳೆದುಕೊಳ್ಳುವ ವಾಕಿಂಗ್ ಫುಟ್ ಮೆಷಿನ್ ಬೇಕು. ಇಲ್ಲದಿದ್ದರೆ ಮೇಲಿನ ಪದರ ಸರಿದು ಉದ್ದನೆಯ ಹೊಲಿಗೆಯ ಕೊನೆಯಲ್ಲಿ ಎರಡು ಅಂಚು ಕೂಡುವುದೇ ಇಲ್ಲ.

ದಾರ ಮತ್ತು ಹೊಲಿಗೆ

ಹತ್ತಿ ಬಟ್ಟೆಗೆ ನಡುವೆ ಪಾಲಿಯೆಸ್ಟರ್, ಸುತ್ತ ಹತ್ತಿ ಸುತ್ತಿದ ದಾರ ಅತ್ಯುತ್ತಮ. ಬಲ ಪಾಲಿಯೆಸ್ಟರಿನದು, ತೂತು ಮುಚ್ಚುವ ಕೆಲಸ ಹತ್ತಿಯದು. ವಿನೈಲಿಗೆ ಬಿಸಿಲು ತಡೆಯುವ ಪಾಲಿಯೆಸ್ಟರ್ ದಾರ. ನೈಲಾನ್ ದಾರ ಗಟ್ಟಿ ಹೌದು, ಆದರೆ ಹಿಗ್ಗುತ್ತದೆ, ಬಿಸಿಲಿಗೆ ಬೇಗ ಸೋಲುತ್ತದೆ. ಪೂರ್ತಿ ಹತ್ತಿ ದಾರ ಮ್ಯೂಸಿಯಂ ಗಾಡಿಗೆ ಮಾತ್ರ.

ಹೊಲಿಗೆ ಹತ್ತಿರ ಹತ್ತಿರ ಹಾಕಿದರೆ ಗಟ್ಟಿ ಅಂತ ಅನ್ನಿಸುತ್ತದೆ ಅಲ್ವಾ? ಕ್ಯಾನ್ವಾಸಿನಲ್ಲಿ ಅದು ಉಲ್ಟಾ. ತೂತುಗಳು ಒತ್ತೊತ್ತಾಗಿ ಬಿದ್ದರೆ ಬಟ್ಟೆ ಅಂಚೆಚೀಟಿಯ ಅಂಚಿನ ಹಾಗೆ ಅಲ್ಲೇ ಹರಿಯುತ್ತದೆ. ಇಂಚಿಗೆ 6ರಿಂದ 8 ಹೊಲಿಗೆ ಸಾಕು. ಛಾವಣಿಯ ಜೋಡಣೆಗಳಲ್ಲಿ ಎರಡೂ ಅಂಚನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಯಬೇಕು. ಮಡಿಕೆಯ ಬಾಯಿ ನೀರು ಹರಿಯುವ ದಿಕ್ಕಿಗೆ, ಅಂದರೆ ಕೆಳಕ್ಕೆ ಅಥವಾ ಹಿಂದಕ್ಕೆ ಇರಬೇಕು. ಮುಂದಕ್ಕಿದ್ದರೆ ಓಡುವಾಗ ಗಾಳಿ ಮಳೆಯನ್ನು ಅದರೊಳಗೇ ತುಂಬುತ್ತದೆ.

ಗುಂಡಿ, ಪಟ್ಟಿ, ಹಗ್ಗ

ಹಳೆಯ ಸೇನಾ ಗಾಡಿಗಳಲ್ಲಿ ಮುಖ್ಯವಾಗಿ ಕಾಣುವುದು ನಾಲ್ಕು ಬಗೆ. ಲಿಫ್ಟ್-ದ-ಡಾಟ್ ಗುಂಡಿ ಮೂರು ಕಡೆಯಿಂದ ಎಳೆದರೆ ಬಿಡಲ್ಲ, ಚುಕ್ಕಿ ಇರುವ ಒಂದು ಕಡೆಯಿಂದ ಎತ್ತಿದರೆ ಮಾತ್ರ ಬಿಡುತ್ತದೆ. ಗಾಳಿಗೆ ಪಟಪಟಿಸುವ ಅಂಚಿಗೆ ಇದಕ್ಕಿಂತ ನಂಬಿಕಸ್ತ ಗುಂಡಿ ಇಲ್ಲ. ಹೊಡೆಯುವಾಗ ಚುಕ್ಕಿ ಬಟ್ಟೆಯ ಅಂಚಿನ ಕಡೆಗೆ ಇರಲಿ. ತಿರುಗಾಮುರುಗಾ ಹೊಡೆದರೆ ಎಳೆತ ಬಿದ್ದ ಕೂಡಲೇ ತಾನಾಗಿ ಬಿಚ್ಚಿಕೊಳ್ಳುತ್ತದೆ. ತಿರುಗಿಸುವ ಟರ್ನ್ ಬಟನ್ ಒಂದರ ಮೇಲೊಂದು ಎರಡು ಮೂರು ಪದರ ಹಿಡಿಯಲು ಅನುಕೂಲ, ಬಾಗಿಲ ಪರದೆ ಮತ್ತು ಛಾವಣಿ ಸೇರುವ ಕಡೆ ಸರಿ. ಟಿಚ್ ಬಟನ್ ಅಗ್ಗ, ಎಲ್ಲೆಡೆ ಸಿಗುತ್ತದೆ, ಆದರೆ ಯಾವ ಕಡೆಯಿಂದ ಎಳೆದರೂ ಬಿಡುತ್ತದೆ. ಮಡಚಿದ ಕಿಟಕಿ ಪರದೆ ಕಟ್ಟಲು ಇಡಿ, ಛಾವಣಿಗೆ ಬೇಡ.

ನಾಲ್ಕನೆಯದು ಪಟ್ಟಿ ಅಥವಾ ಹಗ್ಗ. ಬಾಡಿಯ ಮೇಲಿನ ಫುಟ್‌ಮನ್ ಲೂಪಿನಲ್ಲಿ (ಸಣ್ಣ ಲೋಹದ ಕುಣಿಕೆ) ಪಟ್ಟಿ ತೂರಿಸಿ ಬಕಲ್ ಹಾಕುವುದು, ಅಥವಾ ಲ್ಯಾಂಡ್ ರೋವರಿನ ಹಾಗೆ ಕೊಕ್ಕೆಗಳಿಗೆ ಹಗ್ಗ ಸುತ್ತುವುದು. ಇದರ ದೊಡ್ಡ ಗುಣ, ಬೇಕಾದಷ್ಟು ಬಿಗಿ ಮಾಡಬಹುದು, ಬೇಕಾದಷ್ಟು ಸಡಿಲ ಬಿಡಬಹುದು. ಹತ್ತಿ ಕುಗ್ಗಿದರೆ ಹಗ್ಗ ಬಿಟ್ಟುಕೊಡುತ್ತದೆ. ಗುಂಡಿ ಬಿಟ್ಟುಕೊಡಲ್ಲ. ಹಾಗಾಗಿ ಗಾಡಿಗೆ ಹಗ್ಗ, ಪಟ್ಟಿಯ ವ್ಯವಸ್ಥೆ ಇದ್ದರೆ ಹತ್ತಿಯನ್ನು ಕಣ್ಣು ಮುಚ್ಚಿ ಆರಿಸಿ. ಬರೀ ಗುಂಡಿ ಇರುವ ಗಾಡಿಗೆ ಹತ್ತಿ ಹಾಕುವುದಾದರೆ ಕುಗ್ಗಿಸಿದ ಬಟ್ಟೆ ಮತ್ತು ಕೊನೆಯಲ್ಲಿ ಹೊಡೆಯುವ ಗುಂಡಿ ಎರಡೂ ಕಡ್ಡಾಯ.

ಗುಂಡಿಯ ಸ್ಟಡ್, ಅಂದರೆ ಬಾಡಿಗೆ ಕೂರುವ ಭಾಗ, ಹಿತ್ತಾಳೆ. ಜೀಪಿನ ಬಾಡಿ ಕಬ್ಬಿಣ. ನಡುವೆ ನೀರು ನಿಂತರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಸ್ಕ್ರೂ ತಿರುಗಿಸುವ ಮುಂಚೆ ತೂತಿನ ಅಂಚಿಗೆ ಬಣ್ಣ ತಾಗಿಸಿ, ಸ್ವಲ್ಪ ಗ್ರೀಸ್ ಹಚ್ಚಿ. ಇನ್ನು ಮೂಲ ಬಾಡಿಗೆ ಹೊಸ ತೂತು ಕೊರೆಯಲೇಬೇಡಿ. ಇರುವ ತೂತಿಗೆ ಟಾಪನ್ನು ಹೊಂದಿಸಿ, ಟಾಪಿಗೆ ಬಾಡಿಯನ್ನಲ್ಲ. ಟಾಪ್ ಇನ್ನೊಂದು ಬರುತ್ತದೆ, ಬಾಡಿ ಬರಲ್ಲ.

ಕಿಟಕಿ ಮತ್ತು ಬಾಗಿಲು

ಹಳೆಯ ಸೇನಾ ಟಾಪ್‌ಗಳಲ್ಲಿ ಕೆಲವಕ್ಕೆ ಹಿಂದೆ ಬರೀ ತೆರೆದ ಚೌಕ ಇರುತ್ತಿತ್ತು. ಅಂಥ ಗಾಡಿಗೆ ಹಾಗೇ ಬಿಡುವುದು ಚೆಂದ. ಪಾರದರ್ಶಕ ವಿನೈಲ್ ಹಾಕುವುದಾದರೆ ಮುಕ್ಕಾಲು ಮಿಲಿಮೀಟರ್ ದಪ್ಪದ್ದು ಸಾಕು. ಒಣಬಟ್ಟೆಯಲ್ಲಿ ಒರೆಸಿದರೆ ಧೂಳೇ ಗೀರು ಹಾಕುತ್ತದೆ, ಮೊದಲು ನೀರು ಹಾಕಬೇಕು. ಪೆಟ್ರೋಲ್, ತಿನ್ನರ್ ಹತ್ತಿರವೂ ತರಬೇಡಿ. ಚಳಿಯಲ್ಲಿ ಮಡಚಿದರೆ ಬಿರಿಯುತ್ತದೆ, ಸುತ್ತಿಡಿ.

ಬಾಗಿಲ ಪರದೆಗಳನ್ನು ಛಾವಣಿಯ ಜೊತೆಗೇ ಹೊಲಿಸಬೇಡಿ. ಛಾವಣಿ ಕೂತು, ನೆನೆದು, ಒಣಗಿ ನಿಂತ ಮೇಲೆ ಅಳತೆ ತೆಗೆದರೆ ಸಂದು ಉಳಿಯಲ್ಲ. ಬಾಗಿಲಿಲ್ಲದೆ ಓಡಿಸುವಾಗ ಹಿಂಪರದೆಯನ್ನೂ ಸುತ್ತಿ ಕಟ್ಟಿ. ಮುಂದಿನಿಂದ ನುಗ್ಗಿದ ಗಾಳಿಗೆ ಹೊರಹೋಗಲು ದಾರಿ ಇಲ್ಲದಿದ್ದರೆ ಟಾಪ್ ಉಬ್ಬಿಕೊಂಡು ಎಲ್ಲಾ ಗುಂಡಿಯನ್ನೂ ಎಳೆಯುತ್ತದೆ.

ಗಾಡಿಯ ಮೇಲೆ ಏರಿಸುವುದು

ಬಿಸಿಲಿರುವ ದಿನ ಆರಿಸಿ, ಮಳೆ ಮೋಡ ಇರುವ ದಿನ ಬೇಡ. ವಿನೈಲ್ ಆದರೆ ಅರ್ಧ ಗಂಟೆ ಬಿಸಿಲಲ್ಲಿ ಹರಡಿ ಮೆತ್ತಗಾಗಲು ಬಿಡಿ. ಇಬ್ಬರು ಬೇಕು.

ಗಾಜಿನ ಫ್ರೇಮಿನ ನಟ್ಟನಡುವೆ, ಟಾಪಿನ ಮುಂದಂಚಿನ ನಟ್ಟನಡುವೆ, ಹಿಂದಿನ ಪೈಪಿನ ನಡುವೆ ಸೀಮೆಸುಣ್ಣದ ಗುರುತು ಹಾಕಿ. ಮುಂದಂಚನ್ನು ನಡುವಿನಿಂದ ಮೂಲೆಗಳ ಕಡೆಗೆ ಹಾಕುತ್ತಾ ಹೋಗಿ. ಒಂದು ಮೂಲೆಯಿಂದ ಶುರುಮಾಡಿದರೆ ಸಡಿಲೆಲ್ಲಾ ಇನ್ನೊಂದು ಮೂಲೆಗೆ ಸೇರುತ್ತದೆ. ಆಮೇಲೆ ಬಟ್ಟೆಯನ್ನು ಪೈಪುಗಳ ಮೇಲೆ ಹಿಂದಕ್ಕೆ ಎಳೆದು, ನಡು ಗುರುತು ನೇರ ಇದೆಯಾ ನೋಡಿ, ಹಿಂದಿನ ಪಟ್ಟಿಗಳನ್ನು ಅರೆಬಿಗಿ ಮಾಡಿ. ಪಕ್ಕದ ಅಂಚುಗಳನ್ನು ಇನ್ನೂ ಮುಟ್ಟಬೇಡಿ.

ಈಗ ಸುಮ್ನೆ ಹತ್ತು ಹೆಜ್ಜೆ ಹಿಂದೆ ನಿಂತು ಸುಕ್ಕು ನೋಡಿ. ಅಡ್ಡಡ್ಡ, ಪೈಪಿಗೆ ಸಮನಾಗಿ ಸುಕ್ಕು ಬಿದ್ದಿದ್ದರೆ ಉದ್ದಕ್ಕೆ ಸಡಿಲ ಇದೆ, ಹಿಂದಕ್ಕೆ ಎಳೆಯಬೇಕು. ಉದ್ದುದ್ದ ಸುಕ್ಕಿದ್ದರೆ ಅಗಲಕ್ಕೆ ಸಡಿಲ, ಪಕ್ಕದಿಂದ ಎಳೆಯಬೇಕು. ಓರೆ ಸುಕ್ಕು ಇದ್ದರೆ ಅದರ ಎರಡು ತುದಿಗಳಲ್ಲೂ ಬಿಗಿ ಜಾಸ್ತಿಯಾಗಿದೆ, ಒಂದು ತುದಿ ಬಿಟ್ಟುಕೊಡಬೇಕು. ಎದುರಿನ ಮೂಲೆಯನ್ನು ಇನ್ನಷ್ಟು ಎಳೆದರೆ ಸುಕ್ಕು ಕಾಣದ ಹಾಗಾಗಬಹುದು, ಆದರೆ ಆಗ ನಾಲ್ಕೂ ಮೂಲೆ ಹೊಲಿಗೆ ನರಳುತ್ತದೆ.

ಪೈಪುಗಳ ನಡುವೆ ಅಂಗೈ ಇಟ್ಟು ಮೆಲ್ಲಗೆ ಒತ್ತಿ. ಸ್ವಲ್ಪ ತಗ್ಗಿ, ಕೈ ತೆಗೆದ ಕೂಡಲೇ ಮೇಲೆ ಬರಬೇಕು. ತಗ್ಗಿಯೇ ಉಳಿದರೆ ಅಲ್ಲಿ ಮಳೆನೀರು ಹೊಂಡ ನಿಲ್ಲುತ್ತದೆ, ನೀರಿನ ಭಾರಕ್ಕೆ ಇನ್ನೂ ಜೋಲುತ್ತದೆ. ಹತ್ತಿಯಾದರೆ ಒಣಗಿರುವಾಗಲೇ ತಮಟೆಯ ಬಿಗಿ ಬೇಡ, ನೆನೆದಾಗ ಬಿಗಿಯಾಗಲು ಜಾಗ ಇರಲಿ.

ಹೀಗೆ ಕೂರಿಸಿದ ಮೇಲೆ ಹತ್ತಿ ಟಾಪಿಗೆ ಹೊರಗಿನಿಂದ ಪೂರ್ತಿ ನೀರು ಹಾಯಿಸಿ, ಗಾಡಿಯ ಮೇಲೇ ಒಣಗಲು ಬಿಡಿ. ಎರಡು ಮೂರು ಸಲ ಹೀಗೆ ಮಾಡಿ. ಆಮೇಲೆ ಪಕ್ಕದ ಮತ್ತು ಹಿಂದಿನ ಗುಂಡಿಗಳ ಜಾಗ ಗುರುತಿಸಿ. ಸ್ಟಡ್ಡಿನ ತಲೆಗೆ ಸೀಮೆಸುಣ್ಣ ಹಚ್ಚಿ, ಬಟ್ಟೆಯನ್ನು ಬೇಕಾದಷ್ಟು ಎಳೆದು ಅದರ ಮೇಲೆ ಒತ್ತಿದರೆ ಒಳಗಡೆ ಗುರುತು ಬೀಳುತ್ತದೆ. ಒಂದು ಗುಂಡಿ ಎಡಕ್ಕೆ ಹೊಡೆದರೆ ಮುಂದಿನದು ಬಲಕ್ಕೆ. ತೂತು ಮಾಡಲು ಪಂಚ್ ಬಳಸಿ, ಚಾಕು ಬೇಡ. ಚಾಕುವಿನ ಸೀಳು ಹರಿಯುತ್ತಾ ಹೋಗುತ್ತದೆ.

ಆಮೇಲಿನ ಆರೈಕೆ

ಹತ್ತಿ ಟಾಪನ್ನು ಒಣ ಬ್ರಷ್ಷಿನಿಂದ ಗುಡಿಸಿ, ಬರೀ ನೀರಿನಲ್ಲಿ ತೊಳೆಯಿರಿ. ಡಿಟರ್ಜೆಂಟ್ ಹಾಕಿದರೆ ಮಳೆ ತಡೆಯುವ ಲೇಪನ ಹೋಗುತ್ತದೆ. ಬೂಷ್ಟಿಗೆ ಅಂತ ಬ್ಲೀಚ್ ಹಾಕಿದರೆ ಬೂಷ್ಟಿನ ಜೊತೆ ನಾರೂ ಸಾಯುತ್ತದೆ. ಮಳೆಹನಿ ಮಣಿಯ ಹಾಗೆ ಉರುಳದೆ, ಬಟ್ಟೆ ಎಲ್ಲಾ ಕಡೆ ಕಪ್ಪಾಗಿ ನೆನೆಯತೊಡಗಿದರೆ ಮತ್ತೆ ಲೇಪನ ಕೊಡುವ ಕಾಲ ಬಂತು. ಮೇಣದ್ದು ಹಚ್ಚಿದರೆ ಮಳೆ ಚೆನ್ನಾಗಿ ತಡೆಯುತ್ತದೆ, ಆದರೆ ಬಿಸಿಲಿಗೆ ಅಂಟಂಟಾಗಿ ಧೂಳು ಹಿಡಿಯುತ್ತದೆ, ಬೆಂಕಿಗೂ ಬೇಗ ಹತ್ತುತ್ತದೆ. ನೀರಿನಲ್ಲಿ ಕಲಸಿ ಹಚ್ಚುವ ಲೇಪನ ಬಣ್ಣ ಕೆಡಿಸುವುದು ಕಡಿಮೆ, ಬಟ್ಟೆಗೆ ಉಸಿರಾಡಲು ಬಿಡುತ್ತದೆ, ಆದರೆ ಪದೇ ಪದೇ ಹಚ್ಚಬೇಕು. ಮೊದಲು ಸಿಲಿಕೋನ್ ಹಚ್ಚಿದ ಬಟ್ಟೆ ಬೇರೆ ಯಾವುದನ್ನೂ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಒಳಮೂಲೆಯಲ್ಲಿ ಒಂದು ಅಂಗೈ ಅಗಲ ಹಚ್ಚಿ, ಒಣಗಿಸಿ, ನೀರು ಚಿಮುಕಿಸಿ ನೋಡಿದ ಮೇಲೇ ಪೂರ್ತಿ ಹಚ್ಚಿ. ದಾರಿಯಲ್ಲಿ ಮಳೆ ಸಿಕ್ಕಿ ಒದ್ದೆ ಟಾಪನ್ನೇ ಮಡಚಬೇಕಾಗಿ ಬಂದರೆ ಮನೆ ಮುಟ್ಟಿದ ದಿನವೇ ಬಿಚ್ಚಿ ಪೈಪಿನ ಮೇಲೆ ಹರಡಿ. ನಾಡಾ ಇರುವ ದಪ್ಪ ಅಂಚು ಕೊನೆಗೆ ಒಣಗುತ್ತದೆ, ಅದನ್ನು ಬೆರಳಲ್ಲಿ ಒತ್ತಿ ನೋಡಿದ ಮೇಲೇ ಮತ್ತೆ ಸುತ್ತಿ.